ಸ್ಕ್ರೂ ಮುಟ್ಟುವ ಮುಂಚೆ: ಪದ್ಮಿನಿಯ ಕಪ್ಪು ಹೊಗೆ ಬಿಡಿಸಿದ ಬಗೆ

ಹಳೇ ಕಾರು ಕಪ್ಪು ಹೊಗೆ ಬಿಟ್ಟರೆ ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ಕಾರ್ಬುರೇಟರ್ ಟ್ಯೂನಿಂಗ್ ಮಾಡಿಸಿ." ಟ್ಯೂನಿಂಗ್ ಅಂದರೆ ಏನು? ಬಾನೆಟ್ ಎತ್ತುವುದು, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಬುಡದಲ್ಲಿರುವ ಮಿಕ್ಸ್ಚರ್ ಸ್ಕ್ರೂವನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ತಿರುಗಿಸುವುದು, ಕಿವಿಗೆ ಹಿತ ಅನಿಸಿದಲ್ಲಿ ಬಿಡುವುದು. ನನ್ನ 1982ರ ಪ್ರೀಮಿಯರ್ ಪದ್ಮಿನಿಗೆ ಈ ಉಪಚಾರ ಎಷ್ಟು ಸಲ ಆಗಿತ್ತೋ ಏನೋ, ಆ ಸ್ಕ್ರೂವಿನ ತಲೆಯ ಸೀಳು ಸವೆದು ಹೋಗಿತ್ತು. ಹೊಗೆ ಮಾತ್ರ ನಿಂತಿರಲಿಲ್ಲ.

ಕಾರು ಮೊದಲು ಉಡುಪಿಯಲ್ಲಿ ನಮ್ಮ ಭಾವನ ಹತ್ತಿರ ಇತ್ತು. ಅವರಿಗೂ ಎರಡನೇ ಕೈಯದು. ಪೆಟ್ರೋಲ್ ವಾಸನೆ ಬರುತ್ತಲ್ಲ ಅಂತ ಕೇಳಿದ್ದಕ್ಕೆ, "ಎಂತದ್ದೂ ಇಲ್ಲ ಮಾರಾಯ, ಹಳೇ ಕಾರಲ್ವಾ, ಸ್ವಲ್ಪ ವಾಸನೆ ಇರ್ತದೆ" ಅಂದಿದ್ದರು. ಚಾರ್ಮಾಡಿ ಘಾಟಿ ಹತ್ತಿಸಿ ಚಿಕ್ಕಮಗಳೂರಿಗೆ ತರುವಷ್ಟರಲ್ಲಿ ಆ ಸ್ವಲ್ಪ ವಾಸನೆ ಜಾಸ್ತಿಯೇ ಆಗಿತ್ತು. ಹಿಂದೆ ಬರುವವರು ಕಿಟಕಿ ಏರಿಸಿಕೊಳ್ಳುತ್ತಿದ್ದರು. ಲೀಟರಿಗೆ 8 ಕಿಲೋಮೀಟರ್ ಕೊಡುತ್ತಿತ್ತು. ಎಮಿಷನ್ ಟೆಸ್ಟ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 6.2 ಪರ್ಸೆಂಟ್ ತೋರಿಸಿತು. ನನ್ನ ಕಾರಿನ ಕಾಲದ ಪೆಟ್ರೋಲ್ ಕಾರುಗಳಿಗೆ ಇರುವ ಮಿತಿಯೇ 3 ಪರ್ಸೆಂಟ್. ಸರ್ಟಿಫಿಕೇಟ್ ಇಲ್ಲದೆ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಇಲ್ಲ, ಎಫ್‌ಸಿ ಇಲ್ಲದೆ ಕಾರು ರಸ್ತೆಗಿಳಿಯುವ ಹಾಗಿಲ್ಲ. ಹಾಗಾಗಿ ಕೂತು ಸರಿಯಾಗಿ ನೋಡಲೇಬೇಕಾಯಿತು.

ಪದ್ಮಿನಿಯದು 1089 ಸಿಸಿ ಇಂಜಿನ್. ನನ್ನದರ ಮೇಲೆ ಕೂತಿರುವುದು ಸೋಲೆಕ್ಸ್ 32 ಪಿಬಿಐಸಿ ಕಾರ್ಬುರೇಟರ್. 32 ಅಂದರೆ ಥ್ರಾಟಲ್ ಇರುವ ಕೊಳವೆಯ ಅಗಲ, ಮಿಲಿಮೀಟರಿನಲ್ಲಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಬಿಚ್ಚಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಆದರೆ ಇದರೊಳಗೆ ಒಂದಲ್ಲ, ನಾಲ್ಕೈದು ಬೇರೆ ಬೇರೆ ದಾರಿಗಳಿವೆ. ಐಡ್ಲಿಂಗ್‌ನಲ್ಲಿ, ಅಂದರೆ ಕಾರು ನಿಂತು ಇಂಜಿನ್ ಮಾತ್ರ ಓಡುವಾಗ, ಪೆಟ್ರೋಲ್ ಬರುವುದು ಪೈಲಟ್ ಜೆಟ್‌ನಿಂದ (ಜೆಟ್ ಅಂದರೆ ಅಳತೆಯ ತೂತಿರುವ ಪುಟ್ಟ ಹಿತ್ತಾಳೆ ತುಂಡು). ಓಡುವಾಗ ಮೇನ್ ಜೆಟ್‌ನಿಂದ. ಆಕ್ಸಿಲರೇಟರ್ ಒಮ್ಮೆಲೇ ತುಳಿದಾಗ ಒಂದು ಪುಟ್ಟ ಪಂಪ್ ಚಿಮ್ಮಿಸುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಚೋಕ್ ಎಳೆದರೆ ಇನ್ನೊಂದು ದಾರಿ. ಎಲ್ಲರೂ ತಿರುಗಿಸುವ ಆ ಸ್ಕ್ರೂ ಇದೆಯಲ್ಲ, ಅದರ ಅಧಿಕಾರ ಐಡ್ಲಿಂಗ್‌ನ ದಾರಿಯ ಮೇಲೆ ಮಾತ್ರ. ಮೂರನೇ ಗೇರಲ್ಲಿ ಏರು ಹತ್ತುವಾಗ ಬರುವ ಹೊಗೆಗೂ ಅದಕ್ಕೂ ಹೆಚ್ಚುಕಮ್ಮಿ ಸಂಬಂಧವೇ ಇಲ್ಲ.

ಅದಕ್ಕೇ ನಾನು ಸ್ಪ್ಯಾನರ್ ಹಿಡಿಯುವ ಮೊದಲು ನೋಟ್‌ಬುಕ್ ಹಿಡಿದೆ. ಯಾವಾಗ ರಿಚ್, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲಾ, ಬಿಸಿಯಾದ ಮೇಲೆ ಸುಮ್ನೆ ನಿಂತಾಗಲಾ, ಬೇಲೂರು ರಸ್ತೆಯಲ್ಲಿ ಐವತ್ತರ ವೇಗದಲ್ಲಿ ಹೋಗುವಾಗಲಾ, ಏರಿನಲ್ಲಾ? ಒಂದೊಂದು ಸ್ಥಿತಿಯಲ್ಲೂ ಓಡಿಸಿ, ಕ್ಲಚ್ ಒತ್ತಿ, ಇಗ್ನಿಷನ್ ಆಫ್ ಮಾಡಿ, ರಸ್ತೆ ಬದಿಗೆ ತಂದು ಪ್ಲಗ್ ಬಿಚ್ಚಿ ನೋಡಿದೆ. (ಖಾಲಿ ಮಟ್ಟ ರಸ್ತೆಯಲ್ಲಿ ಮಾತ್ರ ಮಾಡಿ. ಸ್ಟೀರಿಂಗ್ ಲಾಕ್ ಇರುವ ಕಾರಾದರೆ ಕೀಯನ್ನು ಲಾಕ್‌ವರೆಗೆ ತಿರುಗಿಸಲೇಬೇಡಿ.) ಪ್ಲಗ್ ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಮ್ಮಿ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಕಪ್ಪಾಗಿ, ಒದ್ದೆಯಾಗಿ, ಎಣ್ಣೆ ಹೊಳಪು ಇದ್ದರೆ ಅದು ಕಾರ್ಬುರೇಟರಿನ ತಪ್ಪಲ್ಲ, ಇಂಜಿನ್ ಆಯಿಲ್ ಮೇಲೆ ಬರುತ್ತಿದೆ ಅಂತ. ನನ್ನದರಲ್ಲಿ ಎಲ್ಲ ಸ್ಥಿತಿಯಲ್ಲೂ ನಾಲ್ಕೂ ಪ್ಲಗ್ ಒಣ ಮಸಿ.

ಇದು ಒಂದು ಲೆಕ್ಕಕ್ಕೆ ಒಳ್ಳೆಯ ಸುದ್ದಿ. ಬರೀ ಐಡ್ಲಿಂಗ್‌ನಲ್ಲಿ ರಿಚ್ ಆಗಿದ್ದರೆ ಪೈಲಟ್ ಜೆಟ್ ಮತ್ತು ಸ್ಕ್ರೂ ಕಡೆ ಹೋಗಬೇಕು. ಬರೀ ಓಟದಲ್ಲಿ ಆಗಿದ್ದರೆ ಮೇನ್ ಜೆಟ್ ಮತ್ತು ಏರ್ ಕರೆಕ್ಷನ್ ಜೆಟ್. ಎಲ್ಲ ಕಡೆಯೂ ರಿಚ್ ಅಂದರೆ ಎಲ್ಲ ದಾರಿಗಳಿಗೂ ಸಾಮಾನ್ಯವಾದದ್ದು ಏನೋ ಕೆಟ್ಟಿದೆ. ಹಾಗೆ ಸಾಮಾನ್ಯವಾಗಿರುವುದು ಕೆಲವೇ: ಕಿಡಿ, ಏರ್ ಫಿಲ್ಟರ್, ಚೋಕ್, ಪಂಪಿನ ಒತ್ತಡ, ಫ್ಲೋಟ್.

ಕಿಡಿಯಿಂದ ಶುರು ಮಾಡಿದ್ದು ನನ್ನ ಬುದ್ಧಿವಂತಿಕೆಯಲ್ಲ. ನಮ್ಮ ಬೀದಿ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವ ಮೇಸ್ತ್ರಿ ಒಬ್ಬರಿದ್ದಾರೆ, ಅಂಬಾಸಿಡರ್, ಪದ್ಮಿನಿ, ಜೀಪುಗಳ ಕಾಲದವರು. "ಸಾರ್, ಮೊದಲು ಬೆಂಕಿ ಸರಿ ಮಾಡುವ, ಪೆಟ್ರೋಲ್ ಆಮೇಲೆ" ಅಂದರು. ಕಿಡಿ ಬಲವಾಗಿಲ್ಲದಿದ್ದರೆ ಸರಿಯಾದ ಮಿಶ್ರಣವೂ ಪೂರ್ತಿ ಉರಿಯುವುದಿಲ್ಲ, ಉರಿಯದ ಪೆಟ್ರೋಲ್ ವಾಸನೆಯಾಗಿ ಹೊರಗೆ ಬರುತ್ತದೆ, ನಾವು ಕಾರ್ಬುರೇಟರನ್ನು ಬೈಯುತ್ತೇವೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಪಾಯಿಂಟ್‌ನ ಒಂದು ಬದಿಯಲ್ಲಿ ಗುಂಡಿ, ಇನ್ನೊಂದು ಬದಿಯಲ್ಲಿ ಗುಬ್ಬಿ ಎದ್ದಿತ್ತು. ಕಂಡೆನ್ಸರ್ ಕೆಡುತ್ತಿದೆ ಅನ್ನುವುದಕ್ಕೆ ಇದು ಗುರುತು. ಪಾಯಿಂಟ್, ಕಂಡೆನ್ಸರ್, ಪ್ಲಗ್ ಹೊಸದು ಹಾಕಿ, ಫೀಲರ್ ಗೇಜ್‌ನಲ್ಲಿ ಗ್ಯಾಪ್ ಇಟ್ಟು, ಟೈಮಿಂಗ್ ನೋಡಿದೆವು. ಸ್ಟಾರ್ಟಿಂಗ್ ಚುರುಕಾಯಿತು. ಹೊಗೆ ಇತ್ತು.

ಏರ್ ಫಿಲ್ಟರ್ ತೆಗೆದು ಓಡಿಸಿದರೂ ವ್ಯತ್ಯಾಸ ಇಲ್ಲ. ಅದು ಬಿಡಿ. ಆದರೆ ಫಿಲ್ಟರ್ ತೆಗೆದಾಗ ಒಂದು ಸುಲಭ ಪರೀಕ್ಷೆ ಮಾಡಬಹುದು. ಐಡ್ಲಿಂಗ್‌ನಲ್ಲಿ ಕಾರ್ಬುರೇಟರಿನ ಬಾಯಿಯನ್ನು ಅಂಗೈಯಿಂದ ಸ್ವಲ್ಪ ಮುಚ್ಚಿ. ಇಂಜಿನ್ ಚೇತರಿಸಿಕೊಂಡು ವೇಗ ಏರಿದರೆ ಪೆಟ್ರೋಲ್ ಕಮ್ಮಿ ಇತ್ತು ಅಂತ. ಇನ್ನಷ್ಟು ಉಸಿರುಕಟ್ಟಿದರೆ ಮೊದಲೇ ಜಾಸ್ತಿ ಇದೆ. ನನ್ನದು ಕೈ ಹತ್ತಿರ ತಂದರೇ ಸಾಕು, ಗೊಳ್ ಅಂತ ನಿಂತುಬಿಡುತ್ತಿತ್ತು.

ಆಮೇಲೆ ಚೋಕ್. ಈ ಮಾದರಿಯ ಸೋಲೆಕ್ಸ್‌ನಲ್ಲಿ ಬೇರೆ ಎಷ್ಟೋ ಕಾರ್ಬುರೇಟರುಗಳ ಹಾಗೆ ಬಾಯಿ ಮುಚ್ಚುವ ತಗಡು ಇಲ್ಲ. ಪಕ್ಕದಲ್ಲಿ ತೂತುಗಳಿರುವ ಒಂದು ಚಪ್ಪಟೆ ಬಿಲ್ಲೆ ಇದೆ. ಡ್ಯಾಶ್‌ಬೋರ್ಡಿನ ಗುಬ್ಬಿ ಎಳೆದರೆ ಕೇಬಲ್ ಆ ಬಿಲ್ಲೆಯನ್ನು ತಿರುಗಿಸಿ, ಬೇರೆಯೇ ಒಂದು ಜೆಟ್‌ನಿಂದ ಪೆಟ್ರೋಲ್ ಬಿಡುತ್ತದೆ. ತೊಂದರೆ ಏನಂದರೆ ಮೇಲಿನಿಂದ ಬಗ್ಗಿ ನೋಡಿದರೆ ಚೋಕ್ ತೆರೆದಿದೆಯೋ ಮುಚ್ಚಿದೆಯೋ ಗೊತ್ತೇ ಆಗುವುದಿಲ್ಲ. ಗುಬ್ಬಿ ಪೂರ್ತಿ ಒಳಗೆ ತಳ್ಳಿದ್ದೆ, ಆದರೂ ಸಂಶಯಕ್ಕೆ ಕಾರ್ಬುರೇಟರ್ ಕಡೆಯ ಲಿವರನ್ನು ಬೆರಳಿನಿಂದ ಒತ್ತಿದೆ. ಇನ್ನೂ ಐದಾರು ಮಿಲಿಮೀಟರ್ ಹೋಯಿತು! ಇಂಜಿನ್ ಸದ್ದೇ ಬದಲಾಯಿತು. ಕರಾವಳಿಯ ಉಪ್ಪುಗಾಳಿಗೆ ಕೇಬಲ್ ಒಳಗೇ ತುಕ್ಕು ಹಿಡಿದು ವಾಪಸ್ ಬರುತ್ತಿರಲಿಲ್ಲ. ಕಾರು ಎಷ್ಟೋ ಕಾಲದಿಂದ ಅರ್ಧ ಚೋಕ್‌ನಲ್ಲೇ ಓಡುತ್ತಿತ್ತು. ಕೇಬಲ್ ಬದಲಾಯಿಸಿ, ಬಿಲ್ಲೆ ಬಿಚ್ಚಿ, ಅದರ ಮುಖವನ್ನು ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಹಾಸಿ ಮಟ್ಟ ಉಜ್ಜಿ ಕೂರಿಸಿದೆ. ಹೊಗೆ ಅರ್ಧಕ್ಕಿಳಿಯಿತು. ಸೋಲೆಕ್ಸ್ ಇರುವವರು ಬೇರೆ ಏನೂ ಮಾಡದಿದ್ದರೂ ಈ ಲಿವರ್ ಒಂದನ್ನು ಒತ್ತಿ ನೋಡಿ ಅಂತ ಹೇಳುತ್ತೇನೆ. ಪುಕ್ಕಟೆ ಪರೀಕ್ಷೆ.

ಉಳಿದರ್ಧ ಹೊಗೆಯ ಒಂದು ಮೂಲ ಡಿಕ್ಕಿಯ ಕೆಳಗಿತ್ತು. ಪದ್ಮಿನಿಯ ಮೂಲ ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ, ಕ್ಯಾಮ್‌ಶಾಫ್ಟ್ ಅದರ ಡಯಾಫ್ರಮ್ಮನ್ನು ಬಡಿದು ಓಡಿಸುತ್ತದೆ. ನನ್ನ ಕಾರಿನಲ್ಲಿ ಆ ಜಾಗಕ್ಕೆ ಯಾರೋ ತಗಡು ಹೊಡೆದು, ಟ್ಯಾಂಕ್ ಹತ್ತಿರ 12 ವೋಲ್ಟಿನ ಎಲೆಕ್ಟ್ರಿಕ್ ಪಂಪ್ ಕೂರಿಸಿದ್ದರು. ಕೀ ಹಾಕಿದ ತಕ್ಷಣ ಟಕಟಕ ಅನ್ನುತ್ತಿತ್ತು, ಭಾವನಿಗೆ ಅದೇ ಹೆಮ್ಮೆ. ಪೈಪಿಗೆ ಟಿ ಜಾಯಿಂಟ್ ಹಾಕಿ ಪ್ರೆಶರ್ ಗೇಜ್ ಇಟ್ಟರೆ 6 ಪಿಎಸ್‌ಐ. ಈ ಥರದ ಕಾರ್ಬುರೇಟರಿಗೆ ಮೂರರ ಆಸುಪಾಸು ಸಾಕು.

ಒತ್ತಡ ಜಾಸ್ತಿಯಾದರೆ ಏನಾಗುತ್ತದೆ? ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಫ್ಲೋಟ್ ಕೆಲಸ ಮಾಡುವುದು ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹಾಗೆಯೇ. ಪೆಟ್ರೋಲ್ ಏರಿದಂತೆ ಫ್ಲೋಟ್ ತೇಲಿ, ನೀಡಲ್ ವಾಲ್ವನ್ನು ಮೇಲಕ್ಕೆ ಒತ್ತಿ ಬಾಗಿಲು ಮುಚ್ಚುತ್ತದೆ. ಆದರೆ ಫ್ಲೋಟಿನ ಬಲ ಅಂದರೆ ಅದು ಎಷ್ಟು ಮುಳುಗಿದೆಯೋ ಅಷ್ಟೇ. ಪಂಪ್ ಜೋರಾಗಿ ತಳ್ಳಿದರೆ ನೀಡಲ್ ಮುಚ್ಚಲು ಫ್ಲೋಟ್ ಇನ್ನಷ್ಟು ಮುಳುಗಬೇಕು, ಅಂದರೆ ಪೆಟ್ರೋಲ್ ಮಟ್ಟ ಇನ್ನಷ್ಟು ಏರಬೇಕು. ಮಟ್ಟ ಏರಿದರೆ ಗಾಳಿಯ ಎಳೆತಕ್ಕೆ ಪೆಟ್ರೋಲ್ ಬೇಗ, ಜಾಸ್ತಿ ಬರುತ್ತದೆ. ಎಲ್ಲ ದಾರಿಗಳಲ್ಲೂ. ಇಂಜಿನ್ ಆಫ್ ಮಾಡಿ, ಫಿಲ್ಟರ್ ತೆಗೆದು, ಟಾರ್ಚ್ ಬಿಟ್ಟು ಗಂಟಲೊಳಗೆ ನೋಡಿದರೆ ನಡುವಿನ ನಳಿಕೆಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಬಿಸಿ ಇಂಜಿನ್ನನ್ನು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿಯಬೇಕಾಗಿದ್ದು ಇದಕ್ಕೇ.

ಕಾರ್ಬುರೇಟರಿನ ಮುಚ್ಚಳ ಬಿಚ್ಚಿದಾಗ ಇನ್ನೊಂದು ಕಂಡಿತು. ನೀಡಲ್ ವಾಲ್ವ್ ಕೂರುವಲ್ಲಿ ಇರಬೇಕಾದ ವಾಷರ್ ಇಲ್ಲವೇ ಇಲ್ಲ. ಸೋಲೆಕ್ಸ್‌ನಲ್ಲಿ ಪೆಟ್ರೋಲ್ ಮಟ್ಟ ಹೊಂದಿಸುವುದೇ ಆ ವಾಷರಿನ ದಪ್ಪದಿಂದ. ದಪ್ಪ ವಾಷರ್ ಹಾಕಿದರೆ ವಾಲ್ವ್ ಕೆಳಗೆ ಬಂದು ಬೇಗ ಮುಚ್ಚುತ್ತದೆ, ಮಟ್ಟ ಇಳಿಯುತ್ತದೆ. ವಾಷರೇ ಇಲ್ಲದಿದ್ದರೆ ಉಲ್ಟಾ. ಯಾರೋ ಬಿಚ್ಚಿದವರ ಕೈಯಿಂದ ಬಿದ್ದು ಹೋಗಿರಬೇಕು. ಫ್ಲೋಟನ್ನು ಕಿವಿ ಹತ್ತಿರ ಅಲುಗಾಡಿಸಿ ಕೇಳಿದೆ, ಒಳಗೆ ಸದ್ದಿಲ್ಲ. ಬಿಸಿನೀರಿನಲ್ಲಿ ಮುಳುಗಿಸಿದೆ, ಗುಳ್ಳೆ ಬರಲಿಲ್ಲ. ಅದು ಗಟ್ಟಿ ಇದೆ. ತೂತಾದ ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಒಳಗೆ ಪೆಟ್ರೋಲ್ ಆವಿ ಇರುತ್ತದೆ, ಬಿಸಿ ತಾಗಿಸಿದರೆ ಅಪಾಯ. ಮೇಲಾಗಿ ಬೆಸುಗೆಯ ತೂಕಕ್ಕೆ ಫ್ಲೋಟ್ ಕೆಳಗಿಳಿದು ಮತ್ತೆ ಮಟ್ಟ ಏರುತ್ತದೆ.

ಸಾಮಾನು ತರಲು ಬೆಂಗಳೂರಿಗೆ ಹೋದೆ. ಜೆ.ಸಿ. ರೋಡಿನಲ್ಲಿ ಸೋಲೆಕ್ಸ್ ರಿಪೇರಿ ಕಿಟ್ ಸಿಕ್ಕಿತು: ಗ್ಯಾಸ್ಕೆಟ್, ವಾಷರುಗಳು, ನೀಡಲ್ ವಾಲ್ವ್, ಪಂಪ್ ಡಯಾಫ್ರಮ್, ಮಿಕ್ಸ್ಚರ್ ಸ್ಕ್ರೂ. ಕ್ಯಾಮ್‌ಶಾಫ್ಟಿನಿಂದ ಓಡುವ ಹಳೇ ಪಂಪ್ ಶಿವಾಜಿನಗರದ ಗುಜರಿಯಲ್ಲಿ. ಅಲ್ಲಿ ಪದ್ಮಿನಿ ಸಾಮಾನು ಕೇಳಿದರೆ ಅಂಗಡಿಯವರು ಮುಂಬೈ ಟ್ಯಾಕ್ಸಿ ಕಥೆ ಹೇಳಲು ಶುರು ಮಾಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಕೊನೆಯ ಕಾಲಿ ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಪದ್ಮಿನಿ ರಸ್ತೆ ಬಿಟ್ಟಿತಲ್ಲ, ಆಮೇಲೆ ಬಿಡಿಭಾಗಕ್ಕೆ ಬೆಲೆ ಬಂದಿದೆಯಂತೆ. ಚೌಕಾಸಿಗೆ ಇದೂ ಒಂದು ಅಸ್ತ್ರ.

ಪಂಪ್ ವಾಪಸ್ ತನ್ನ ಜಾಗಕ್ಕೆ ಬಂತು, ವಾಷರ್ ಕೂತಿತು, ಮಟ್ಟ ಹೊಂದಿತು. ನಳಿಕೆ ತೊಟ್ಟಿಕ್ಕುವುದು ನಿಂತಿತು. ಈಗ ಐಡ್ಲಿಂಗ್‌ನಲ್ಲಿ ಪ್ಲಗ್ ಬಣ್ಣ ಪರವಾಗಿಲ್ಲ. ಆದರೆ ಏರಿನಲ್ಲಿ ಇನ್ನೂ ಮಸಿ.

ಅಂದರೆ ಉಳಿದದ್ದು ಮೇನ್ ಜೆಟ್. ಬಿಚ್ಚಿ ನೋಡಿದರೆ ಮೇಲೆ 120 ಅಂತ ಬರೆದಿತ್ತು. ಆ ನಂಬರ್ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕ, ಅಂದರೆ ತೂತು 1.20 ಮಿ.ಮೀ. ಇರಬೇಕು. 1.20ರ ಡ್ರಿಲ್ ಬಿಟ್ಟನ್ನು ಬೆರಳಲ್ಲಿ ಹಿಡಿದು ಬಿಟ್ಟರೆ ಸಡಿಲ. 1.30 ಕೂಡ ಸಲೀಸಾಗಿ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಗೀರುಗಳು. ಯಾವತ್ತೋ ಕಸ ಕಟ್ಟಿಕೊಂಡಾಗ ತಂತಿ ತೂರಿಸಿ ಕ್ಲೀನ್ ಮಾಡಿದ್ದಾರೆ, ಇಲ್ಲವೇ ಪಿಕಪ್ ಬರಲಿ ಅಂತ ಬೇಕೆಂದೇ ದೊಡ್ಡದು ಮಾಡಿದ್ದಾರೆ. 1.20ರಿಂದ 1.30 ಅಂದರೆ ಕೇಳಲು ಅಲ್ಪ. ಆದರೆ ತೂತಿನ ವಿಸ್ತೀರ್ಣ ಶೇಕಡಾ 17ರಷ್ಟು ಹೆಚ್ಚುತ್ತದೆ. ಹಿತ್ತಾಳೆ ಮೆತ್ತಗಿನ ಲೋಹ. ಜೆಟ್ಟಿಗೆ ತಂತಿ ಹಾಕಬಾರದು, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಏರ್ ಕರೆಕ್ಷನ್ ಜೆಟ್ಟನ್ನು ಅದೇ ಕ್ಲೀನರಿನಲ್ಲಿ ನೆನೆಸಿಟ್ಟೆ. ಅದು ಗಾಳಿಯ ಜೆಟ್, ಅದರಲ್ಲಿ ಅಂಟು ಕಟ್ಟಿಕೊಂಡರೂ ಓಟದಲ್ಲಿ ರಿಚ್ ಆಗುತ್ತದೆ.

ಹೊಸ ಜೆಟ್ ಎಷ್ಟರದ್ದು ಹಾಕಬೇಕು ಅನ್ನುವಲ್ಲಿ ವಿಷಯ ರುಚಿಯಾಯಿತು. ಹಳೇ ಕಾರಿನ ಹುಚ್ಚಿರುವ ಬೆಂಗಳೂರಿನ ಗೆಳೆಯ ಫೋನಿನಲ್ಲಿ, "ನಿಮ್ಮೂರು ಎತ್ತರದಲ್ಲಿದೆ ಕಣೋ, 115 ಹಾಕ್ನೋಡು" ಅಂದ. ಅವನ ಲೆಕ್ಕ ಸರಿಯೇ. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ. ಇಲ್ಲಿನ ಗಾಳಿ ಉಡುಪಿಯದಕ್ಕಿಂತ ಸುಮಾರು ಶೇಕಡಾ 10ರಷ್ಟು ತೆಳು. ಕಾರ್ಬುರೇಟರಿಗೆ ಗಾಳಿಯ ತೂಕ ಗೊತ್ತಾಗುವುದಿಲ್ಲ. ಗಾಳಿ ನುಗ್ಗುವಾಗ ಆಗುವ ಎಳೆತಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ, ಅಷ್ಟೇ. ಗಾಳಿ ತೆಳುವಾದಾಗ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಮ್ಮಿಯಾಗುವುದಿಲ್ಲ, ಮಿಶ್ರಣ ಸುಮಾರು ಶೇಕಡಾ 5ರಷ್ಟು ರಿಚ್ ಆಗುತ್ತದೆ. ಘಾಟಿ ಹತ್ತಿದ ಮೇಲೆ ವಾಸನೆ ಜಾಸ್ತಿಯಾಗಿದ್ದಕ್ಕೆ ಇದೂ ಒಂದು ಕಾರಣ.

115 ಹಾಕಿದೆ. ಮುತ್ತೋಡಿ ಕಡೆಗೆ ಹೊರಟೆ. ಮಟ್ಟ ರಸ್ತೆಯಲ್ಲಿ ಚೆನ್ನಾಗಿತ್ತು. ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಒಂದು ಕ್ಷಣ ತಡವರಿಸುವುದು, ಮುಗ್ಗರಿಸುವುದು. ಪ್ಲಗ್ ಬಿಳಿಚಿತ್ತು. ಪೆಟ್ರೋಲ್ ಈಗ ಕಮ್ಮಿಯಾಗುತ್ತಿದೆ! ಎತ್ತರದ ಲೆಕ್ಕ ಹಾಕಿ ಇಳಿಸಿದ್ದು ಇಷ್ಟೊಂದು ಯಾಕೆ ಹೆಚ್ಚಾಯಿತು ಅಂತ ಯೋಚಿಸಿದಾಗ ಬಂಕಿನ ನೆನಪಾಯಿತು. ಈಗ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಬರೀ ಪೆಟ್ರೋಲ್ 1 ಕೆಜಿ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಸಾಕು, ಅದರಲ್ಲೇ ಆಮ್ಲಜನಕ ಇದೆಯಲ್ಲ. ಎರಡೂ ಸೇರಿದ ಇ20ಗೆ ಸುಮಾರು 13.5. ಅಂದರೆ ಅದೇ ಜೆಟ್‌ನಿಂದ ಅಷ್ಟೇ ಹರಿದರೂ ಮಿಶ್ರಣ ಏಳೆಂಟು ಪರ್ಸೆಂಟ್ ತೆಳುವಾಗುತ್ತದೆ, ಪೆಟ್ರೋಲ್ ಕಮ್ಮಿಯಾದ ಹಾಗೆಯೇ. ಎತ್ತರ ರಿಚ್ ಮಾಡುವುದನ್ನು ಎಥನಾಲ್ ಹೆಚ್ಚುಕಮ್ಮಿ ತಿಂದುಹಾಕುತ್ತದೆ. ಹಾಗಿದ್ದ ಮೇಲೆ ಜೆಟ್ ಇಳಿಸುವುದೇ ಬೇಡ. ಸರಿಯಾದ ಅಳತೆಯ ಹೊಸ 120 ಹಾಕಿದೆ. ತಡವರಿಕೆ ಹೋಯಿತು, ಪ್ಲಗ್ ತಿಳಿ ಕಂದು. (ನಿಮ್ಮ ಕಾರ್ಬುರೇಟರಿನ ನಂಬರ್ ಬೇರೆ ಇರಬಹುದು, ಒಳಗಿನ ಚೋಕ್ ಟ್ಯೂಬಿನ, ಅಂದರೆ ಗಾಳಿ ಹೋಗುವ ಕಿರಿದಾದ ಗಂಟಲಿನ, ಗಾತ್ರಕ್ಕೆ ತಕ್ಕಂತೆ ಜೆಟ್ ಬದಲಾಗುತ್ತದೆ. ನನ್ನದನ್ನು ನೋಡಿ ಕೊಳ್ಳಬೇಡಿ.)

ಈಗ, ಎಲ್ಲ ಮುಗಿದ ಮೇಲೆ, ಆ ಸ್ಕ್ರೂ. ಹಳೆಯದನ್ನು ಬಿಚ್ಚಿದಾಗ ಅದರ ಚೂಪು ತುದಿಯಲ್ಲಿ ಬಳೆಯಂಥ ಗೆರೆ ಬಿದ್ದಿತ್ತು, ಬಿಗಿಯಾಗಿ ತಿರುಗಿಸಿ ತಿರುಗಿಸಿ. ಅಂಥ ಸ್ಕ್ರೂವಿನಲ್ಲಿ ಎಷ್ಟು ತಿರುಗಿಸಿದರೂ ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಕಿಟ್‌ನಲ್ಲಿದ್ದ ಹೊಸದನ್ನು ಮೆಲ್ಲಗೆ ತಳ ಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತೆಗೆದೆ. ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿದೆ, ತಣ್ಣಗಿನ ಇಂಜಿನ್ ಮೇಲೆ ಮಾಡಿದರೆ ದಂಡ. ಸ್ಕ್ರೂ ನಿಧಾನವಾಗಿ ಒಳಗೆ, ಇಂಜಿನ್ ತೊದಲುವವರೆಗೆ. ಮತ್ತೆ ಹೊರಗೆ, ವೇಗ ಏರಿ ಸದ್ದು ನುಣುಪಾಗುವವರೆಗೆ. ವೇಗ ಏರಿದ್ದನ್ನು ಥ್ರಾಟಲ್ ಸ್ಕ್ರೂವಿನಿಂದ ಇಳಿಸಿ, ಮತ್ತೆ ಮಿಕ್ಸ್ಚರ್ ಸ್ಕ್ರೂ. ಎರಡೂ ಒಂದಕ್ಕೊಂದು ಒಪ್ಪುವವರೆಗೆ ಹೀಗೇ. ಸೋಲೆಕ್ಸ್‌ನಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ. ಆರ್‌ಎಕ್ಸ್ 100 ಥರದ ಬೈಕಿನಲ್ಲಿ ಕೈ ಪಳಗಿಸಿಕೊಂಡವರು ಹುಷಾರು, ಅದರಲ್ಲಿರುವುದು ಗಾಳಿಯ ಸ್ಕ್ರೂ, ಒಳಗೆ ತಿರುಗಿಸಿದರೆ ರಿಚ್ ಆಗುತ್ತದೆ. ಬೈಕ್ ಮೆಕ್ಯಾನಿಕ್‌ಗಳು ಕಾರಿಗೆ ಕೈ ಹಾಕಿದಾಗ ಉಲ್ಟಾ ಆಗುವುದು ಇಲ್ಲೇ.

ಮೇಸ್ತ್ರಿ ಬಂದು ಐದು ನಿಮಿಷ ಸುಮ್ನೆ ನಿಂತು ಕೇಳಿದರು. ಸೈಲೆನ್ಸರ್ ಬಾಯಿಗೆ ಅಂಗೈ ಹಿಡಿದರು. "ಇನ್ನು ಮುಟ್ಬೇಡಿ ಮಾರಾಯ್ರೆ" ಅಂದರು. ಆಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ, ನನ್ನ ಮೂಗಿಗೂ ಹಿಡಿದರು. ಆಯಿಲ್ ಪೆಟ್ರೋಲ್ ನಾತ ಹೊಡೆಯುತ್ತಿತ್ತು. ಇಷ್ಟು ಕಾಲ ರಿಚ್ ಆಗಿ ಓಡಿದ ಇಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದು ಕೆಳಗಿಳಿದು ಆಯಿಲ್ಲಿಗೆ ಸೇರಿರುತ್ತದೆ. ನೀರಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗು, ಪಿಸ್ಟನ್ ರಿಂಗು ಸವೆಯುತ್ತವೆ. ಅವತ್ತೇ ಆಯಿಲ್, ಫಿಲ್ಟರ್ ಬದಲಾಯಿಸಿದೆ. ಹೊಗೆ ನಿಂತ ಖುಷಿಯಲ್ಲಿ ಈ ಕೆಲಸ ಮರೆಯುವವರೇ ಜಾಸ್ತಿ.

ಎಮಿಷನ್ ಟೆಸ್ಟ್‌ನಲ್ಲಿ ಈ ಸಲ 1.9 ಪರ್ಸೆಂಟ್ ಬಂತು. ಹೈಡ್ರೋಕಾರ್ಬನ್ ಕೂಡ 1500 ಪಿಪಿಎಂ ಮಿತಿಯೊಳಗೆ. ಮೈಲೇಜ್ ಊರೊಳಗೆ 11, ಹಾಸನದ ರಸ್ತೆಯಲ್ಲಿ 13ರ ಹತ್ತಿರ. ಒಂದು ತೊಂದರೆ ಇನ್ನೂ ಇದೆ. ಬೇಸಿಗೆ ಮಧ್ಯಾಹ್ನ ಇಂಜಿನ್ ನಿಲ್ಲಿಸಿದ ಮೇಲೆ ಆ ಕಾವಿಗೆ ಬಟ್ಟಲಿನ ಪೆಟ್ರೋಲ್ ಕುದಿದು ಉಕ್ಕುತ್ತದೆ, ಎಥನಾಲ್ ಬೆರೆತ ಮೇಲೆ ಅದು ಸ್ವಲ್ಪ ಬೇಗ. ಕಾರ್ಬುರೇಟರ್ ಕೆಳಗೆ ಕಾವು ತಡೆಯುವ ದಪ್ಪ ಸ್ಪೇಸರ್ ಹಾಕುವ ಯೋಚನೆಯಿದೆ, ಆದರೆ ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದೋ ಅಂತ ಅಳೆದು ನೋಡಬೇಕು. ಕಿಟ್‌ನಲ್ಲಿ ಬಂದ ರಬ್ಬರ್ ಡಯಾಫ್ರಮ್ ಇ20ಯಲ್ಲಿ ಎಷ್ಟು ಕಾಲ ತಡೆಯುತ್ತದೋ ಅನ್ನುವ ಅನುಮಾನಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಇಟ್ಟುಕೊಂಡಿದ್ದೇನೆ. ಪೆಟ್ರೋಲ್ ಪೈಪುಗಳನ್ನಂತೂ ಎಥನಾಲ್ ತಡೆಯುವ ಥರದವಕ್ಕೆ ಬದಲಾಯಿಸಿ ಆಯಿತು.